ಪಡುವಲ್ಲಿ ಕಡಲು, ಮೂಡಲ್ಲಿ ಹೊಳೆ: ಮರವಂತೆಯ ಮಳೆಗಾಲ

ಕೊಡಚಾದ್ರಿಯ ಮಗ್ಗುಲಲ್ಲಿ ಹುಟ್ಟಿ, ಕೊಲ್ಲೂರನ್ನು ದಾಟಿ ಪಡುವಕ್ಕೆ ಇಳಿಯುವ ಸೌಪರ್ಣಿಕಾ ಮರವಂತೆಗೆ ಬರುವಷ್ಟರಲ್ಲಿ ಅಗಲವಾಗಿ, ನಿಧಾನವಾಗಿ ಹರಿಯುತ್ತದೆ. ಕಡಲು ಅಲ್ಲಿಂದ ಒಂದು ಕಲ್ಲೆಸೆತದ ದೂರ. ಬೇರೆ ಯಾವ ಹೊಳೆಯಾದರೂ ಅಲ್ಲೇ ಕಡಲು ಸೇರುತ್ತಿತ್ತು. ಸೌಪರ್ಣಿಕಾ ಮಾತ್ರ ಕಡಲ ಮುಖ ಕಂಡು ಹಿಂದೆ ತಿರುಗಿ, ತೆಂಕಕ್ಕೆ ಹತ್ತು ಕಿಲೋಮೀಟರಿನಷ್ಟು ಬಳಸಿ, ಗಂಗೊಳ್ಳಿಯ ಅಳಿವೆಯಲ್ಲಿ ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಹೊಳೆಗಳ ಜೊತೆ ಕೂಡಿ ಪಂಚಗಂಗಾವಳಿ ಎನಿಸಿಕೊಂಡು ಕಡಲಿಗೆ ಬೀಳುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದಿರುವ ಹೊಯ್ಗೆಯ ಪಟ್ಟಿಯ ಮೇಲೆ ರಾಷ್ಟ್ರೀಯ ಹೆದ್ದಾರಿ 66 ಓಡುತ್ತದೆ. ಬಡಗಕ್ಕೆ ಹೊರಟ ಬಸ್ಸಿನ ಎಡಗಿಟಕಿಯಲ್ಲಿ ಕಡಲು, ಬಲಗಿಟಕಿಯಲ್ಲಿ ಹೊಳೆ. ಕ್ಯಾಲೆಂಡರುಗಳಲ್ಲಿ, ಪ್ರವಾಸೋದ್ಯಮದ ಪೋಸ್ಟರುಗಳಲ್ಲಿ ಎಲ್ಲರೂ ಕಂಡಿರುವ ಮರವಂತೆ ಇದು.

ಆ ಚಿತ್ರಗಳೆಲ್ಲ ಚಳಿಗಾಲದಲ್ಲಿ ತೆಗೆದವು. ನೀಲಿ ನೀರು, ಬಿಳಿ ಹೊಯ್ಗೆ, ಬಾಗಿದ ತೆಂಗು. ಆದರೆ ಈ ಊರಿನ ಚರಿತ್ರೆಯನ್ನು ಓದಬೇಕಾದರೆ ಜ್ಯೇಷ್ಠ, ಆಷಾಢಗಳಲ್ಲಿ ಬರಬೇಕು. ಹೊಳೆಯನ್ನು ತೆಂಕಕ್ಕೆ ತಿರುಗಿಸಿದ ಈ ಹೊಯ್ಗೆಯ ದಿಬ್ಬವನ್ನು ತಂದು ಒಟ್ಟಿದ್ದು ತೆರೆಗಳೇ. ಸಾವಿರಾರು ಮಳೆಗಾಲಗಳಲ್ಲಿ ಕಡಲು ಕೊಂಡುಹೋಗಿ, ಮರಳಿ ತಂದು, ಮತ್ತೆ ಕೊಂಡುಹೋಗಿ ಕೊನೆಗೆ ಉಳಿಸಿಕೊಟ್ಟ ನೆಲದ ಮೇಲೆ ಈಗ ಊರಿದೆ, ರಸ್ತೆಯಿದೆ, ದೇವಸ್ಥಾನವಿದೆ. ಕಡಲಬ್ಬರವನ್ನು ನೋಡುವುದೆಂದರೆ ಇಲ್ಲಿ ಕಾಲ ಕೆಳಗಿನ ನೆಲ ಹೇಗಾಯಿತು ಎಂಬುದನ್ನು ನೋಡುವುದು ಕೂಡ ಹೌದು.

ಹಿಂದೆ ಮಳೆಗಾಲವೆಂದರೆ ಕರಾವಳಿಗೆ ಬಾಗಿಲು ಹಾಕಿದ ಹಾಗೆ. ಹತ್ತಿರದ ಬಸರೂರು ಶತಮಾನಗಳ ಕಾಲ ಅಕ್ಕಿ ಸಾಗಿಸಿದ ದೊಡ್ಡ ಬಂದರು. ಅರಬರು, ಪೋರ್ಚುಗೀಸರು, ಕೆಳದಿಯ ನಾಯಕರು ಎಲ್ಲರೂ ಅದರ ಮೇಲೆ ಕಣ್ಣಿಟ್ಟವರೇ. ಆದರೆ ಯಾರ ಹಡಗೂ ಜೂನ್‌ನಿಂದ ಆಗಸ್ಟ್‌ವರೆಗೆ ಈ ಕಡೆ ಸುಳಿಯುತ್ತಿರಲಿಲ್ಲ. ಶಿವಾಜಿ ಸಮುದ್ರಮಾರ್ಗವಾಗಿ ಬಸರೂರಿಗೆ ಬಂದದ್ದು 1665ರ ಫೆಬ್ರವರಿಯಲ್ಲಿ, ಕಡಲು ತಣ್ಣಗಿರುವ ತಿಂಗಳಲ್ಲಿ. ಒಂದೊಂದು ಅಳಿವೆಯಲ್ಲೂ ದೋಣಿ ಕಾಯಬೇಕಿದ್ದ ಕಾಲದಲ್ಲಿ ನೆಲದ ದಾರಿಯೂ ಮಳೆಗೆ ಕಡಿದುಹೋಗುತ್ತಿತ್ತು. ಮನೆಯಲ್ಲಿ ಅಕ್ಕಿ, ಒಣಮೀನು, ಹಪ್ಪಳ, ಉಪ್ಪು, ಒಣಕಟ್ಟಿಗೆ ಇದ್ದಷ್ಟು ಇದೆ. ಜಗಲಿಗೆ ಮಡಲಿನ ತಟ್ಟಿ ಕಟ್ಟಿ ಒಳಗೆ ಕುಳಿತರೆ ಹೊರಗೆ ಕೇಳುವುದು ಕಡಲ ಮೊರೆತವೊಂದೇ. ಈಗ ಸೇತುವೆಗಳಾಗಿವೆ, 1998ರಿಂದ ಕೊಂಕಣ ರೈಲು ಇದೆ. ಆ ರೈಲು ಕೂಡ ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಇಟ್ಟುಕೊಂಡು ನಿಧಾನವಾಗಿ ಓಡುತ್ತದೆ.

ಕಡಲ ಪಕ್ಕದಲ್ಲಿ ಬದುಕುವವರು ಬಿರುಗಾಳಿಯನ್ನು ಮೊದಲು ಕಾಣುವುದು ಆಕಾಶದಲ್ಲಲ್ಲ, ನೀರಿನಲ್ಲಿ. ಮೇ ತಿಂಗಳ ಒಂದು ದಿನ, ಮೋಡವೇ ಇಲ್ಲ, ಗಾಳಿಯೂ ಇಲ್ಲ, ಆದರೆ ತೆರೆಗಳ ನಡುವಿನ ಅಂತರ ಹೆಚ್ಚುತ್ತದೆ. ಎಂದಿನ ಚಿಕ್ಕ ತೆರೆಗಳು ಆರೇಳು ಸೆಕೆಂಡಿಗೊಂದರಂತೆ ಬರುವವು. ಈಗ ಒಂದು ತೆರೆ ಬಂದು ಹೋದ ಮೇಲೆ ಮುಂದಿನದಕ್ಕೆ ಕಾಯಬೇಕಾಗುತ್ತದೆ. ಬಂದಾಗ ಅದು ಮೈತುಂಬಿಕೊಂಡು ಬರುತ್ತದೆ, ದಡದ ಬಹಳ ಮೇಲಕ್ಕೆ ಏರುತ್ತದೆ. ಆಗ ಯಾರಾದರೂ ಹಿರಿಯರು ‘ಕಡ್ಲ್ ಎದ್ದಿತ್ ಕಾಣಿ’ ಎನ್ನುತ್ತಾರೆ, ದೋಣಿಗಳನ್ನು ಇನ್ನಷ್ಟು ಮೇಲಕ್ಕೆ ಎಳೆಯುತ್ತಾರೆ.

ಇದರ ಹಿಂದಿನ ಲೆಕ್ಕ ಸರಳ. ದೂರದ ಕಡಲಲ್ಲಿ ಗಾಳಿ ಎಬ್ಬಿಸಿದ ತೆರೆಗಳಲ್ಲಿ ಉದ್ದನೆಯವು ವೇಗವಾಗಿ ಓಡುತ್ತವೆ. 15 ಸೆಕೆಂಡಿಗೊಂದರಂತೆ ಬರುವ ತೆರೆಗಳ ಸಾಲು ಆಳ ಕಡಲಲ್ಲಿ ದಿನಕ್ಕೆ ಸುಮಾರು ಸಾವಿರ ಕಿಲೋಮೀಟರು ಸಾಗುತ್ತದೆ. ಚಂಡಮಾರುತ ತಾನು ನಡೆಯುವ ವೇಗಕ್ಕಿಂತ ಇದು ಹೆಚ್ಚು. ಹಾಗಾಗಿ ಬಿರುಗಾಳಿ ಇನ್ನೂ ಲಕ್ಷದ್ವೀಪದ ಆಚೆ ಇರುವಾಗಲೇ ಅದರ ಸುದ್ದಿ ಮರವಂತೆಯ ದಡ ಮುಟ್ಟಿರುತ್ತದೆ. ಕೆಲವೊಮ್ಮೆ ತೆರೆಗಳು ಇನ್ನೂ ದೂರದಿಂದ, ಹಿಂದೂ ಮಹಾಸಾಗರದ ತೆಂಕು ತುದಿಯಿಂದ ಬರುತ್ತವೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಈಗ ಇಂಥ ತೆರೆಗಳ ಎತ್ತರವನ್ನು ಮುಂಚಿತವಾಗಿ ತಿಳಿಸುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ, ಬಂದರುಗಳಲ್ಲಿ ಮೂರನೇ ನಂಬರಿನ ಎಚ್ಚರಿಕೆ ಸಂಕೇತ ಏರುತ್ತದೆ. ನನಗೆ ಇದರಲ್ಲಿ ಖುಷಿ ಕೊಡುವ ಸಂಗತಿ ಏನೆಂದರೆ, ಉಪಗ್ರಹ ಮತ್ತು ತೇಲುಮಾಪಕ ಹೇಳುವುದನ್ನೇ ದಡದಲ್ಲಿ ಕುಳಿತ ಕಣ್ಣು ತನ್ನ ರೀತಿಯಲ್ಲಿ ಬಹಳ ಹಿಂದಿನಿಂದ ಹೇಳುತ್ತ ಬಂದಿದೆ. ಎರಡೂ ಬೇಕು. ಸಂದೇಶ ಬಂದರೆ ಸಾಲದು, ಅದನ್ನು ನೀರಿನಲ್ಲಿ ಓದಬಲ್ಲವರು ಊರಲ್ಲಿ ಇರಬೇಕು.

ಜೂನ್ ಮೊದಲ ವಾರದಲ್ಲಿ ಮುಂಗಾರು ಬರುತ್ತದೆ. ಆಮೇಲೆ ಕಡಲ ಬಣ್ಣವೇ ಬೇರೆ. ಹಸಿರು ಹೋಗಿ ಮಣ್ಣುಬಣ್ಣ, ಅದರ ಮೇಲೆ ದಿಗಂತದವರೆಗೂ ಬಿಳಿ ನೊರೆಯ ಗೆರೆಗಳು. ಒಂದರ ಹಿಂದೆ ಒಂದು ನಾಲ್ಕೈದು ಸಾಲು ಏಕಕಾಲಕ್ಕೆ ಮುರಿಯುತ್ತಿರುತ್ತವೆ. ತಡೆಗೋಡೆಯ ಕಲ್ಲಿಗೆ ಹೊಡೆದ ನೀರು ರಸ್ತೆಗೆ ಬಂದು ಬೀಳುತ್ತದೆ. ಮಳೆ ಬರುವುದೂ ಕಾಣುತ್ತದೆ: ಪಡುವಲ್ಲಿ ಬೂದುಬಣ್ಣದ ಗೋಡೆ ಎದ್ದು ನಡೆದು ಬರುತ್ತದೆ, ತೆರೆಗಳು ಒಂದೊಂದಾಗಿ ಮರೆಯಾಗುತ್ತವೆ, ಮೊದಲು ಗಾಳಿ, ಕ್ಷಣದಲ್ಲಿ ಮಳೆ. ಆ ಮಳೆಯ ಹನಿ ತುಟಿಗೆ ತಾಗಿದರೆ ಉಪ್ಪು. ಕಿಟಕಿಯ ಸರಳು, ಸೈಕಲ್ಲಿನ ಚೈನು, ಬೀಗ ಎಲ್ಲ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ಒಗೆದ ಬಟ್ಟೆ ಒಣಗುವುದಿಲ್ಲ. ರಾತ್ರಿ ಕರೆಂಟು ಹೋದರೆ ಮಾತಾಡಲೂ ದನಿ ಎತ್ತಬೇಕು, ಅಷ್ಟು ಮೊರೆತ.

ಆದರೂ ಮೀನುಗಾರರು ಈ ಅಬ್ಬರವನ್ನು ಕಾಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ನಾಡದೋಣಿಗಳಿಗೆ, ಹತ್ತು ಅಶ್ವಶಕ್ತಿಯೊಳಗಿನ ಎಂಜಿನಿನವಕ್ಕೆ, ಅವಕಾಶ ಇದೆ. ಆದರೆ ಸರಕಾರ ಬಿಟ್ಟರೂ ಕಡಲು ಬಿಡಬೇಕಲ್ಲ. ತೂಫಾನ್ ಆಗಬೇಕು ಎಂದು ಅವರು ಕಾಯುತ್ತಾರೆ. ಕಡಲ ತಳ ಕದಡಬೇಕು, ಹೊಳೆಗಳ ಕೆಂಪುನೀರು ಅಳಿವೆ ದಾಟಿ ಹರಡಬೇಕು, ಆ ಗೊಂದಲ ಇಳಿದ ಮೇಲೆ ಸಿಗಡಿ, ಬೂತಾಯಿ, ಬಂಗುಡೆಗಳು ದಡದ ಹತ್ತಿರ ಮೇಯಲು ಬರುತ್ತವೆ. ತೂಫಾನ್ ಸರಿಯಾಗಿ ಆಗದ ವರ್ಷ ನಾಡದೋಣಿಗಳಿಗೆ ಸೊರಗಿದ ವರ್ಷ. ಹೊರಗಿನವರಿಗೆ ಅನಾಹುತದಂತೆ ಕಾಣುವ ದಿನಗಳು ಮೊಗವೀರರಿಗೆ, ಖಾರ್ವಿಗಳಿಗೆ ಬಿತ್ತನೆಯ ದಿನಗಳು.

ಮರವಂತೆಯ ಜಾತ್ರೆ ಕೂಡ ಇದೇ ಕಾಲದಲ್ಲಿ. ಹೆದ್ದಾರಿಯ ಮೂಡುಬದಿಯಲ್ಲಿ, ಹೊಳೆಗೆ ಒತ್ತಿಕೊಂಡು ಮಹಾರಾಜಸ್ವಾಮಿ ವರಾಹ ದೇವಸ್ಥಾನವಿದೆ. ಊರವರ ಬಾಯಲ್ಲಿ ಅವನು ಮಾರಸ್ವಾಮಿ. ವರಾಹ, ವಿಷ್ಣು, ನರಸಿಂಹ ಮೂವರೂ ಒಟ್ಟಿಗೆ ನಿಂತಿರುವ ಗುಡಿ. ಕರ್ಕಾಟಕ ಅಮಾವಾಸ್ಯೆ, ಕುಂದಾಪುರದವರ ಆಸಾಡಿ ಅಮಾಸೆ, ಇಲ್ಲಿಯ ದೊಡ್ಡ ದಿನ. ಜನ ಮೊದಲು ಕಡಲಿನಲ್ಲಿ, ಆಮೇಲೆ ರಸ್ತೆ ದಾಟಿ ಹೊಳೆಯಲ್ಲಿ ಸ್ನಾನ ಮಾಡಿ ದೇವರ ದರ್ಶನಕ್ಕೆ ನಿಲ್ಲುತ್ತಾರೆ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬರುತ್ತಾರೆ. ಕೃಷಿಕರು ನೆರೆಯಿಂದ ಕಾಪಾಡೆಂದು, ಮೀನುಗಾರರು ಕಡಲಲ್ಲಿ ಕೈಬಿಡಬೇಡವೆಂದು ಬೇಡಿಕೊಳ್ಳುತ್ತಾರೆ.

ಈ ದಿನದ ಆಯ್ಕೆ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಅಮಾವಾಸ್ಯೆಯಂದು ಸೂರ್ಯ ಚಂದ್ರರ ಸೆಳೆತ ಒಂದೇ ದಿಕ್ಕಿಗೆ ಕೂಡುವುದರಿಂದ ಭರತ ಹೆಚ್ಚು. ಅದರ ಮೇಲೆ ಪಡುವಣ ಗಾಳಿ ನೀರನ್ನು ದಡಕ್ಕೆ ಒತ್ತುತ್ತಿರುತ್ತದೆ, ಹಿಂದೆ ಹೊಳೆ ತುಂಬಿರುತ್ತದೆ. ವರ್ಷದಲ್ಲಿ ಕಡಲೂ ಹೊಳೆಯೂ ಊರಿಗೆ ಅತ್ಯಂತ ಹತ್ತಿರ ಬರುವ ದಿನಗಳಲ್ಲಿ ಇದೂ ಒಂದು. ಅಂಥ ದಿನವೇ ಊರಿಗೆ ಊರೇ ಎದ್ದು ಬಂದು ಎರಡೂ ನೀರನ್ನು ಮೈಮೇಲೆ ಹಾಕಿಕೊಂಡು ನೋಡುತ್ತದೆ. ಹೆದರಿ ಬಾಗಿಲು ಮುಚ್ಚುವುದಲ್ಲ, ಹತ್ತಿರ ಹೋಗಿ, ಮಿತಿ ಅರಿತು, ನಮಸ್ಕರಿಸಿ ಬರುವುದು. ಅಜ್ಜಿಯಂದಿರು ಮಕ್ಕಳ ಕೈ ಬಿಡದೆ, ತೆರೆ ಹಿಂದೆ ಸರಿಯುವಾಗ ಮುಂದೆ ಹೋಗಬಾರದೆಂದು ಗದರುತ್ತ ನೊರೆಯ ಅಂಚಿನಲ್ಲೇ ತಲೆಗೆ ನೀರು ಹಾಕಿಸುತ್ತಾರೆ. ಸೆಲ್ಫಿಗೆಂದು ಕಲ್ಲಿನ ಮೇಲೆ ನಿಲ್ಲುವ ಪ್ರವಾಸಿಗೆ ಜೀವರಕ್ಷಕರು ಸೀಟಿ ಊದಿ ಹೇಳುವ ಪಾಠ ಇದೇ.

ಹೊಳೆಯ ಮಾತು ಹೇಳದೆ ಕಡಲಿನ ಮಾತು ಮುಗಿಯದು. ಇಲ್ಲಿ ಘಟ್ಟ ಕಡಲಿಗೆ ತೀರ ಹತ್ತಿರ. ಪಡುವಣ ಗಾಳಿ ಹೊತ್ತು ತಂದ ನೀರನ್ನೆಲ್ಲ ಕೊಡಚಾದ್ರಿಯ ಸಾಲು ತಡೆದು ಸುರಿಸುತ್ತದೆ, ಅದು ಸೌಪರ್ಣಿಕೆಯಾಗಿ ಮರುದಿನವೇ ನಮ್ಮ ಬೆನ್ನ ಹಿಂದೆ ಬಂದು ನಿಲ್ಲುತ್ತದೆ. ಭರತದ ಹೊತ್ತಿನಲ್ಲಿ ಗಂಗೊಳ್ಳಿಯ ಅಳಿವೆ ಅದನ್ನು ಹೊರಗೆ ಬಿಡುವುದಿಲ್ಲ. ನಾವುಂದದ ಸಾಲ್ಬುಡ, ಹೊಳೆಯಾಚೆಯ ಪಡುಕೋಣೆ ಮೊದಲಾದ ಕಡೆ ಗದ್ದೆಗಳು ಮುಳುಗುತ್ತವೆ, ಮನೆಯಂಗಳಕ್ಕೆ ದೋಣಿ ಬರುತ್ತದೆ. (ಬ್ಯಾಡ್ಮಿಂಟನ್ನಿನ ಪ್ರಕಾಶ್ ಅವರ ಹೆಸರಿನೊಂದಿಗೆ ಲೋಕ ಸುತ್ತಿದ ಪಡುಕೋಣೆ ಇದೇ.) ಕಡಲು ಅಬ್ಬರಿಸುವುದು ಪಡುವಲ್ಲಿ, ಮನೆಗೆ ನೀರು ನುಗ್ಗುವುದು ಮೂಡಿನಿಂದ.

2021ರ ಮೇ ತಿಂಗಳು ಇದನ್ನೆಲ್ಲ ಮುಂಗಾರಿಗೆ ಮೊದಲೇ ತೋರಿಸಿತು. ಲಕ್ಷದ್ವೀಪದ ಬಳಿ ಹುಟ್ಟಿದ ತೌಕ್ತೆ ಚಂಡಮಾರುತ ಮೇ 15, 16ರಂದು ನಮ್ಮ ಕರಾವಳಿಗೆ ಸಮಾನಾಂತರವಾಗಿ ಬಡಗಕ್ಕೆ ನಡೆದು, 17ರ ರಾತ್ರಿ ಗುಜರಾತಿನ ನೆಲ ಹೊಕ್ಕಿತು. ಅದು ಇಲ್ಲಿ ದಡ ಮುಟ್ಟಲೇ ಇಲ್ಲ, ದೂರದಿಂದ ಹಾದುಹೋಯಿತು. ಅಷ್ಟಕ್ಕೇ ಮರವಂತೆಯ ಕಡಲಂಚಿನ ರಸ್ತೆ ಕೊರೆದುಹೋಯಿತು, ತೆಂಗಿನ ಮರಗಳು ಬುಡಸಮೇತ ಉರುಳಿದವು, ಮೀನುಗಾರರ ಮನೆಗಳ ಹೊಸ್ತಿಲಿಗೆ ತೆರೆ ಬಂತು. ಹೊಳೆಯಾಚೆಯ ನಾಡ ಗ್ರಾಮದ ಮಳೆಮಾಪಕದಲ್ಲಿ ಒಂದೇ ದಿನದಲ್ಲಿ 385 ಮಿಲಿಮೀಟರ್ ಮಳೆ ದಾಖಲಾಯಿತು. ಕೊರೋನಾದ ಎರಡನೇ ಅಲೆಯ ಲಾಕ್‌ಡೌನ್ ನಡೆಯುತ್ತಿದ್ದ ದಿನಗಳವು. ಹೊರಗಿನಿಂದ ನೋಡಲು ಬರುವವರು ಯಾರೂ ಇಲ್ಲದೆ, ಊರವರೇ ಕಡಲನ್ನು ನೋಡುತ್ತ ನಿಂತರು.

ಆಮೇಲೆ ಕಲ್ಲು ಬಂತು. ಮೊದಲೂ ಬಂದಿತ್ತು, ಈಗಲೂ ಬರುತ್ತಿದೆ. ಕಡಲ್ಕೊರೆತ ಕಂಡಲ್ಲೆಲ್ಲ ಲಾರಿಗಟ್ಟಲೆ ಬಂಡೆ ತಂದು ಸುರಿಯುವುದು ನಮ್ಮ ಕರಾವಳಿಯ ಹಳೆಯ ಪರಿಹಾರ. ಹೆದ್ದಾರಿ ಉಳಿಯಬೇಕಾದ್ದರಿಂದ ಮರವಂತೆಯಲ್ಲಿ ಅದು ಅನಿವಾರ್ಯವೂ ಆಗಿತ್ತು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಯೋಜನೆಯಲ್ಲಿ ತ್ರಾಸಿ–ಮರವಂತೆ ದಡದುದ್ದಕ್ಕೂ ಕಡಲೊಳಗೆ ಚಾಚಿದ ಕಲ್ಲಿನ ತಡೆಗಳನ್ನು ಕಟ್ಟಿದರು. ಗೋಡೆಗೂ ಇವಕ್ಕೂ ವ್ಯತ್ಯಾಸವಿದೆ. ಗೋಡೆ ತೆರೆಯನ್ನು ಎದುರಿಸುತ್ತದೆ, ತಿರುಗಿ ಬಿದ್ದ ತೆರೆ ಬುಡದ ಹೊಯ್ಗೆಯನ್ನು ಕೆರೆದೊಯ್ಯುತ್ತದೆ, ಗೋಡೆ ಮುಗಿದಲ್ಲಿ ಪಕ್ಕದವನ ತೋಟಕ್ಕೆ ಕೊರೆತ ಶುರುವಾಗುತ್ತದೆ. ಚಾಚಿದ ತಡೆಗಳು ದಡದುದ್ದಕ್ಕೂ ಸಾಗುವ ಹೊಯ್ಗೆಯನ್ನು ತಮ್ಮ ನಡುವೆ ಹಿಡಿದಿಡಲು ನೋಡುತ್ತವೆ. ಆದರೆ ಒಂದು ಕಡೆ ಹಿಡಿದರೆ ಇನ್ನೊಂದು ಕಡೆಗೆ ಹೋಗಬೇಕಾದ್ದು ಕಡಿಮೆಯಾಗುತ್ತದೆ. ಮೀನುಗಾರರಿಗಾಗಿ ಕಟ್ಟಿದ ಹೊರಬಂದರಿನ ಕಲ್ಲಿನ ತೋಳುಗಳಿಗೂ ಈ ನಿಯಮ ತಪ್ಪಿದ್ದಲ್ಲ.

ದಡವನ್ನು ದಿನವೂ ನೋಡುವವರಿಗೆ ತಿಳಿದಿರುವ ಒಂದು ಸತ್ಯಕ್ಕೆ ಯೋಜನೆಗಳಲ್ಲಿ ಇನ್ನೂ ಸರಿಯಾದ ಜಾಗ ಸಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ. ಮಳೆಗಾಲದಲ್ಲಿ ಹೋದ ಹೊಯ್ಗೆಯೆಲ್ಲ ನಷ್ಟವಲ್ಲ. ಜೂನ್ ತೆರೆಗಳು ದಡದಿಂದ ಎಳೆದೊಯ್ದ ಹೊಯ್ಗೆ ಸ್ವಲ್ಪ ದೂರದಲ್ಲೇ ನೀರಿನಡಿ ದಿಬ್ಬವಾಗಿ ನಿಲ್ಲುತ್ತದೆ. ಆ ದಿಬ್ಬವೇ ಮುಂದಿನ ತೆರೆಗಳನ್ನು ದೂರದಲ್ಲಿ ಮುರಿದು ಊರನ್ನು ಕಾಯುತ್ತದೆ. ನವರಾತ್ರಿ ಕಳೆದು ಕಡಲು ತಗ್ಗಿದ ಮೇಲೆ ಸಣ್ಣ ತೆರೆಗಳು ಅದನ್ನು ಒಂದಿಷ್ಟೊಂದಿಷ್ಟೇ ಹೊತ್ತು ತಂದು ದಡಕ್ಕೆ ಹಾಕುತ್ತವೆ. ಶಿವರಾತ್ರಿಯ ಹೊತ್ತಿಗೆ ದಡ ಮತ್ತೆ ಅಗಲ. ಹಿಂದೆ ರಂಪಣಿ ಬಲೆ ಎಳೆಯಲು ನೂರಾರು ಜನ ನಿಲ್ಲುತ್ತಿದ್ದುದು ಹೀಗೆ ಮರಳಿ ಬಂದ ಹೊಯ್ಗೆಯ ಮೇಲೆಯೇ. ಆಷಾಢದಲ್ಲಿ ದಡವನ್ನು ಅಳೆದು, ಕೊಚ್ಚಿಹೋಯಿತೆಂದು ಬರೆಯುವವರು ಮಾಘದಲ್ಲೂ ಬಂದು ಅಳೆಯಬೇಕು. ಎರಡರ ನಡುವೆ ಮರಳಿ ಬಾರದೆ ಉಳಿದದ್ದೆಷ್ಟು ಎಂಬುದೇ ನಿಜವಾದ ಕೊರೆತ. ಎಲ್ಲಿ ಕಲ್ಲು ಬೇಕು, ಎಲ್ಲಿ ಕಡಲಿಗೆ ಅದರ ಜಾಗ ಬಿಡಬೇಕು ಎಂಬುದು ಆ ಲೆಕ್ಕದಿಂದ ತೀರ್ಮಾನವಾಗಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ. ಪ್ರತಿ ಅಮಾವಾಸ್ಯೆಗೆ ಇಂಥ ತೆಂಗಿನ ಬುಡದಿಂದ ನೀರಿಗೆ ಇಷ್ಟು ಮಾರು ಎಂದು ಬರೆದಿಡುವ ಒಂದು ಪುಸ್ತಕ ಪಂಚಾಯತಿಯಲ್ಲೋ ಶಾಲೆಯಲ್ಲೋ ಇದ್ದರೆ ಹತ್ತು ವರ್ಷದಲ್ಲಿ ಊರಿನ ಬಳಿ ಯಾರೂ ಅಲ್ಲಗಳೆಯಲಾಗದ ದಾಖಲೆ ಇರುತ್ತದೆ.

ಶ್ರಾವಣದ ನೂಲ ಹುಣ್ಣಿಮೆಗೆ ಕರಾವಳಿಯ ಮೀನುಗಾರರು ಕಡಲಿಗೆ ಹಾಲು, ತೆಂಗಿನಕಾಯಿ, ಹೂ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ಆ ಹೊತ್ತಿಗೆ ಯಾಂತ್ರಿಕ ಬೋಟುಗಳ ನಿಷೇಧವೂ ಮುಗಿದಿರುತ್ತದೆ, ಗಂಗೊಳ್ಳಿಯ ಬಂದರಿನಲ್ಲಿ ಮಂಜುಗಡ್ಡೆಯ ಲಾರಿಗಳು ಸಾಲುಗಟ್ಟುತ್ತವೆ. ಗಾಳಿ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಮೊದಲ ದಿನ ಹೊರಟ ದೋಣಿಗಳು ಅಳಿವೆಯ ಬಾಯಲ್ಲಿ ಮುರಿಯುವ ತೆರೆಗಳನ್ನು ದಾಟುವವರೆಗೆ ಮನೆಯವರು ದಡದಿಂದ ಕದಲುವುದಿಲ್ಲ.