ಬ್ರೂವರಿಯ ಒಡೆಯ ಬದಲಾದಾಗ: ಅಮೆರಿಕದ ಕ್ರಾಫ್ಟ್ ಬಿಯರ್ ಗ್ರಾಹಕರ ಆಯ್ಕೆ ಮತ್ತು ಒಡೆತನದ ಪ್ರಶ್ನೆ

2011ರ ಮಾರ್ಚ್ ಕೊನೆಯಲ್ಲಿ ಶಿಕಾಗೊದ ಗೂಸ್ ಐಲ್ಯಾಂಡ್ ಬ್ರೂವರಿಯನ್ನು ಆನ್‌ಹೈಸರ್-ಬುಷ್ ಇನ್‌ಬೆವ್ ಕಂಪನಿ 3.88 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಬಡ್‌ವೈಸರ್ ತಯಾರಿಸುವ ಆ ಕಂಪನಿಯ ವಹಿವಾಟಿನ ಮುಂದೆ ಈ ಮೊತ್ತ ತೀರ ಸಣ್ಣದು. ಶಿಕಾಗೊದವರಿಗೆ ಮಾತ್ರ ಸುದ್ದಿ ಸಣ್ಣದಾಗಿರಲಿಲ್ಲ. 1988ರಲ್ಲಿ ಜಾನ್ ಹಾಲ್ ಅಲ್ಲಿನ ಕ್ಲೈಬೋರ್ನ್ ಅವೆನ್ಯೂದಲ್ಲಿ ತೆರೆದ ಪಬ್ಬಿನಿಂದ ಬೆಳೆದ ಗೂಸ್ ಐಲ್ಯಾಂಡ್ ಅವರ ಪಾಲಿಗೆ ಊರಿನ ಬಿಯರ್ ಆಗಿತ್ತು. ಮಾರಾಟದ ಮರುದಿನವೂ ಬಾಟಲಿ ಅದೇ, ಹೆಸರು ಅದೇ, ಒಳಗೆ ಕೆಲಸ ಮಾಡುವವರೂ ಹೆಚ್ಚುಕಡಿಮೆ ಅವರೇ. ಹಾಗಿದ್ದ ಮೇಲೆ ಅದನ್ನು ಕುಡಿಯುವುದೋ ಬಿಡುವುದೋ ಎಂದು ಯೋಚಿಸಿದವರು ಯಾವುದನ್ನು ತೂಗಿ ನೋಡುತ್ತಿದ್ದರು?

ಈ ಯೋಚನೆಯನ್ನು ಪೊಳ್ಳು ಪ್ರತಿಷ್ಠೆ ಎಂದು ತಳ್ಳಿಹಾಕುವವರಿದ್ದಾರೆ, ಊರಭಿಮಾನ ಎಂದು ಹೊಗಳುವವರೂ ಇದ್ದಾರೆ. ಎರಡೂ ಅರೆಬರೆ ವಿವರಣೆಗಳು ಎಂಬುದು ಈ ಲೇಖನದ ವಾದ. ಕ್ರಾಫ್ಟ್ ಬಿಯರ್ ಗ್ರಾಹಕರು ಸ್ಥಳೀಯತೆ, ಸ್ವಾತಂತ್ರ್ಯ ಎಂಬ ಎರಡು ಬೇರೆ ಬೇರೆ ಗುಣಗಳನ್ನು ಬಹುಕಾಲ ಒಂದೇ ಎಂದು ನಂಬಿದ್ದರು. 2011ರ ನಂತರದ ಸಾಲು ಮಾರಾಟಗಳು ಅವುಗಳನ್ನು ಬಿಡಿಸಿ ತೋರಿಸಿದವು. ಆಗ ಉಳಿದ ಪ್ರಶ್ನೆ ಒಂದೇ: ಈ ಬ್ರೂವರಿಯ ಬಗ್ಗೆ ಕೊನೆಯ ತೀರ್ಮಾನ ತೆಗೆದುಕೊಳ್ಳುವವರು ಯಾರು?

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬಹುದು. 1970ರ ದಶಕದ ಕೊನೆಗೆ ಇಡೀ ಅಮೆರಿಕದಲ್ಲಿ ನೂರು ಬ್ರೂವರಿಗಳೂ ಉಳಿದಿರಲಿಲ್ಲ. ಉಳಿದವು ತಯಾರಿಸುತ್ತಿದ್ದದ್ದು ಬಹುಪಾಲು ಒಂದೇ ಬಗೆಯ ತೆಳು ಲಾಗರ್. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಯಲ್ಲಿ ಬಿಯರ್ ತಯಾರಿಕೆಗೆ ಅನುಮತಿ ನೀಡಿತು. ಮನೆಯ ಪಾತ್ರೆಗಳಲ್ಲಿ ಕೈ ಪಳಗಿಸಿಕೊಂಡವರು ಮುಂದೆ ಸಣ್ಣ ಬ್ರೂವರಿಗಳನ್ನು ಕಟ್ಟಿದರು. ಇಂದು ಆ ದೇಶದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಬ್ರೂವರಿಗಳಿವೆ. ಆದರೂ ಸ್ವತಂತ್ರ ಕ್ರಾಫ್ಟ್ ಬ್ರೂವರಿಗಳೆಲ್ಲ ಸೇರಿ ಮಾರುವುದು ಒಟ್ಟು ಬಿಯರಿನ ಶೇ 13ರ ಆಸುಪಾಸು ಮಾತ್ರ.

ಸಣ್ಣ ಬ್ರೂವರಿಗಳ ಈ ಏಳಿಗೆಗೆ ಸಮಾಜಶಾಸ್ತ್ರೀಯ ವಿವರಣೆ ಕೊಟ್ಟವರು ಗ್ಲೆನ್ ಕ್ಯಾರೊಲ್ ಮತ್ತು ಆನಂದ್ ಸ್ವಾಮಿನಾಥನ್. ದೊಡ್ಡ ಕಂಪನಿಗಳು ಎಲ್ಲರಿಗೂ ಒಪ್ಪುವ ಸರಕಿಗಾಗಿ ಮಾರುಕಟ್ಟೆಯ ನಡುಭಾಗದಲ್ಲಿ ಪರಸ್ಪರ ನುಂಗುತ್ತ ಹೋದಂತೆ ಅಂಚಿನಲ್ಲಿ ಸಣ್ಣ, ವಿಶಿಷ್ಟ ತಯಾರಕರಿಗೆ ಜಾಗ ತೆರೆಯುತ್ತದೆ ಎಂದು ಅವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಆ ಅಂಚಿನಲ್ಲಿ ರುಚಿಯ ಜೊತೆಗೆ ತಯಾರಕರ ಗುರುತೂ ಬೆಲೆ ಪಡೆಯುತ್ತದೆ, ಹಾಗಾಗಿ ದೊಡ್ಡ ಕಂಪನಿಗಳು ಸಣ್ಣವರ ವೇಷ ಹಾಕಿದರೆ ಗ್ರಾಹಕರು ಸುಲಭವಾಗಿ ಒಪ್ಪುವುದಿಲ್ಲ ಎಂಬುದು ಅವರ ಮುಖ್ಯ ಒಳನೋಟ. ಇದಕ್ಕೂ ಮೊದಲು, 1997ರಲ್ಲಿ, ಭೂಗೋಳತಜ್ಞ ವೆಸ್ ಫ್ಲ್ಯಾಕ್ ಮೈಕ್ರೊಬ್ರೂವರಿಗಳನ್ನು ನವಸ್ಥಳೀಯತೆಯ ಕುರುಹಾಗಿ ಓದಿದ್ದರು. ಎಲ್ಲ ಊರುಗಳೂ ಒಂದೇ ಥರ ಕಾಣತೊಡಗಿದಾಗ ಜನ ತಮ್ಮ ಊರಿಗೆ ಮಾತ್ರ ಸೇರಿದ ಏನನ್ನಾದರೂ ಬೇಕೆಂದೇ ಕಟ್ಟಿಕೊಳ್ಳುತ್ತಾರೆ ಎಂಬುದು ಅವರ ನಿಲುವು. ಎರಡೂ ಬೆಲೆಯುಳ್ಳ ಅಧ್ಯಯನಗಳು. ಆದರೆ ದೊಡ್ಡ ಕಂಪನಿಗಳು ವೇಷ ಹಾಕುವ ಕಷ್ಟವನ್ನು ಬಿಟ್ಟು ಸಣ್ಣ ಬ್ರೂವರಿಯನ್ನೇ ಇಡಿಯಾಗಿ ಕೊಳ್ಳುವ ಕಾಲ ಆ ಅಧ್ಯಯನಗಳು ಪ್ರಕಟವಾದಾಗ ಇನ್ನೂ ಶುರುವಾಗಿರಲಿಲ್ಲ.

ಮಾರಾಟದ ನಂತರ ರುಚಿ ಕೆಟ್ಟಿತೇ ಎಂದು ಕೇಳುವುದು ಸಹಜ. ಆದರೆ ರುಚಿ ದುರ್ಬಲ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ. ಸಂಶೋಧಕರಾದ ಆಲಿಸನ್ ಮತ್ತು ಊಲ್ 1964ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ, ಲೇಬಲ್ ತೆಗೆದ ಬಾಟಲಿ ಕೊಟ್ಟಾಗ ಕುಡಿಯುವವರಿಗೆ ತಮ್ಮ ಮೆಚ್ಚಿನ ಬ್ರಾಂಡನ್ನು ಗುರುತಿಸಲು ಆಗಲಿಲ್ಲ. ಲೇಬಲ್ ಹಚ್ಚಿ ಕೊಟ್ಟಾಗ ತಮ್ಮ ಬ್ರಾಂಡಿಗೇ ಹೆಚ್ಚು ಅಂಕ ಕೊಟ್ಟರು. ಅಂದು ಪರೀಕ್ಷಿಸಿದ್ದು ಒಂದನ್ನೊಂದು ಹೋಲುವ ಲಾಗರುಗಳನ್ನು, ನಿಜ. ಆದರೂ ಒಡೆತನದ ಸುದ್ದಿ ತಿಳಿದ ಮೇಲೆ ನಾಲಿಗೆ ನಿಷ್ಪಕ್ಷಪಾತವಾಗಿ ಉಳಿಯುವುದು ಕಷ್ಟ. ಮೇಲಾಗಿ ಕೆಲವೆಡೆ ಮಾರಾಟದಿಂದ ಒಳಿತೇ ಆಯಿತು. ಗೂಸ್ ಐಲ್ಯಾಂಡಿನ ದಿನಬಳಕೆಯ ಬಿಯರುಗಳ ತಯಾರಿಕೆ ದೊಡ್ಡ ಕಂಪನಿಯ ಇತರ ಘಟಕಗಳಿಗೆ ಹೋದದ್ದರಿಂದ ಶಿಕಾಗೊದಲ್ಲಿ ಜಾಗ ತೆರವಾಯಿತು. ಬೋರ್ಬನ್ ಪಿಪಾಯಿಗಳಲ್ಲಿ ಮಾಗಿಸುವ ಅದರ ಹೆಸರುವಾಸಿ ಸ್ಟೌಟ್, ಬೋರ್ಬನ್ ಕೌಂಟಿ, ಹಿಂದೆಂದಿಗಿಂತ ಹೆಚ್ಚು ಜನರ ಕೈಸೇರಿತು. 2015ರ ತಯಾರಿಕೆಯ ಕೆಲವು ಬಾಟಲಿಗಳು ಸೋಂಕು ತಗಲಿ ಹುಳಿಯಾದಾಗ ಕಂಪನಿ ಗ್ರಾಹಕರಿಗೆ ಹಣ ಹಿಂತಿರುಗಿಸಿತು. ದೊಡ್ಡ ಕಂಪನಿ ಎಂದರೆ ಕೆಟ್ಟ ಬಿಯರ್ ಎಂಬ ಸಮೀಕರಣ ನಿಲ್ಲುವುದಿಲ್ಲ.

ಊರಿನ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಗೂಸ್ ಐಲ್ಯಾಂಡಿನ ಜನಪ್ರಿಯ ಗೋಧಿ ಬಿಯರಿನ ಹೆಸರು 312. ಅದು ಶಿಕಾಗೊ ನಗರದ ದೂರವಾಣಿ ಸಂಕೇತ ಸಂಖ್ಯೆ. ಮಾರಾಟವಾದ ಮೇಲೆ ಆ ಬಿಯರನ್ನು ನ್ಯೂಯಾರ್ಕ್ ರಾಜ್ಯದ ಬಾಲ್ಡ್‌ವಿನ್ಸ್‌ವಿಲ್‌ನಲ್ಲಿರುವ ಆನ್‌ಹೈಸರ್-ಬುಷ್ ಘಟಕದಲ್ಲಿ ತಯಾರಿಸತೊಡಗಿದರು. ಊರಿನ ಹೆಸರು ಬಾಟಲಿಯ ಮೇಲೆ ಉಳಿಯಿತು, ಊರಿನ ಕೆಲಸ ಬೇರೆ ಕಡೆಗೆ ಹೋಯಿತು.

ಹಾಗಾದರೆ ಸ್ವತಂತ್ರ ಬ್ರೂವರಿಗಳೆಲ್ಲ ಸ್ಥಳೀಯವೇ? ಅದೂ ಅಲ್ಲ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಕ್ರಾಫ್ಟ್ ಬ್ರೂವರಿಗೆ ಕೊಡುವ ವ್ಯಾಖ್ಯೆಯಲ್ಲಿ ಊರಿನ ಪ್ರಸ್ತಾಪವೇ ಇಲ್ಲ. ವರ್ಷಕ್ಕೆ 60 ಲಕ್ಷ ಬ್ಯಾರೆಲ್ ಮೀರದ ಉತ್ಪಾದನೆ, ಕ್ರಾಫ್ಟ್ ಬ್ರೂವರಿಯಲ್ಲದ ಮದ್ಯೋದ್ಯಮಿಯೊಬ್ಬರ ಕೈಯಲ್ಲಿ ಶೇ 25ಕ್ಕಿಂತ ಕಡಿಮೆ ಒಡೆತನ ಅದರ ಮುಖ್ಯ ಷರತ್ತುಗಳು. 60 ಲಕ್ಷ ಬ್ಯಾರೆಲ್ ಎಂದರೆ ಸುಮಾರು 70 ಕೋಟಿ ಲೀಟರ್. ಮೊದಲು ಈ ಮಿತಿ 20 ಲಕ್ಷ ಬ್ಯಾರೆಲ್ ಇತ್ತು. ಸ್ಯಾಮ್ಯುಯೆಲ್ ಆಡಮ್ಸ್ ತಯಾರಿಸುವ ಬಾಸ್ಟನ್ ಬಿಯರ್ ಕಂಪನಿ ಅದನ್ನು ದಾಟುವ ಹಂತಕ್ಕೆ ಬಂದಾಗ ಮಿತಿಯನ್ನೇ ಮೇಲೇರಿಸಿದರು. 2014ರಲ್ಲಿ ಜೋಳ, ಅಕ್ಕಿ ಬಳಸುವವರ ಮೇಲಿನ ನಿರ್ಬಂಧವನ್ನು ಸಡಿಲಿಸಿದಾಗ ಪೆನ್ಸಿಲ್ವೇನಿಯಾದ ಹಳೆಯ, ದೊಡ್ಡ ಬ್ರೂವರಿ ಯಿಂಗ್ಲಿಂಗ್ ಕೂಡ ಒಳಬಂತು. ಸದಸ್ಯರ ಅನುಕೂಲಕ್ಕೆ ತಕ್ಕಂತೆ ಗಡಿ ಸರಿಯಿತು ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ ಒಡೆತನದ ಷರತ್ತನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಏಕೆ ಎಂಬುದು ತಿಳಿಯಬೇಕಾದರೆ ವಿತರಣೆಯನ್ನು ನೋಡಬೇಕು. ಇಡೀ ಚರ್ಚೆಯ ತಿರುಳು ಇರುವುದೇ ಅಲ್ಲಿ.

1933ರಲ್ಲಿ ಪಾನನಿಷೇಧ ಕೊನೆಗೊಂಡ ಮೇಲೆ ಅಮೆರಿಕದ ರಾಜ್ಯಗಳು ಬಿಯರ್ ವ್ಯಾಪಾರವನ್ನು ಮೂರು ಹಂತಗಳಾಗಿ ಒಡೆದವು: ತಯಾರಕ, ವಿತರಕ, ಚಿಲ್ಲರೆ ಮಾರಾಟಗಾರ. ತಯಾರಕನೇ ಹೆಂಡದಂಗಡಿಯ ಒಡೆಯನೂ ಆಗಿ ಜನರಿಗೆ ಕುಡಿಸುತ್ತಿದ್ದ ಹಳೆಯ ಪದ್ಧತಿ ಮರಳಬಾರದು ಎಂಬುದು ಉದ್ದೇಶ. ಕಾಲ ಕಳೆದಂತೆ ನಡುವಿನ ವಿತರಕರಲ್ಲಿ ಬಹುಮಂದಿ ದೊಡ್ಡ ಕಂಪನಿಗಳ ಬ್ರಾಂಡುಗಳನ್ನೇ ನೆಚ್ಚಿಕೊಂಡರು. ಅಂಗಡಿಯ ತಂಪುಪೆಟ್ಟಿಗೆಯಲ್ಲಿ ಇರುವುದು ಇಷ್ಟೇ ಜಾಗ, ಪಬ್ಬಿನಲ್ಲಿ ಇರುವುದು ಇಷ್ಟೇ ನಲ್ಲಿ. ಅಲ್ಲಿ ಯಾವ ಬಿಯರ್ ನಿಲ್ಲಬೇಕು ಎಂಬುದರಲ್ಲಿ ವಿತರಕನ ಲಾರಿಗೆ ದೊಡ್ಡ ಪಾತ್ರ. ಆನ್‌ಹೈಸರ್-ಬುಷ್ 1990ರ ದಶಕದಲ್ಲೇ ತನ್ನ ವಿತರಕರು ಬೇರೆಯವರ ಬಿಯರಿಗೆ ಮನಸ್ಸು ಕೊಡಬಾರದು ಎಂದು ಒತ್ತಡ ಹೇರಿತ್ತು. 2015ರಲ್ಲಿ, ಮಾರಾಟದ ಬಹುಪಾಲು ತನ್ನ ಬ್ರಾಂಡುಗಳಿಂದಲೇ ಬಂದರೆ ವಿತರಕರಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ತಂದಿತು. ಮರುವರ್ಷ ಅದು ಇನ್ನೊಂದು ದೊಡ್ಡ ಬಿಯರ್ ಕಂಪನಿ ಎಸ್‌ಎಬಿ‌ಮಿಲ್ಲರನ್ನು ಕೊಳ್ಳುವ ವ್ಯವಹಾರಕ್ಕೆ ಒಪ್ಪಿಗೆ ಕೊಡುವಾಗ ಅಮೆರಿಕದ ನ್ಯಾಯ ಇಲಾಖೆ ಇಂಥ ಪ್ರೋತ್ಸಾಹಗಳನ್ನು ತಡೆಯುವ, ಸ್ವಂತ ವಿತರಣೆಗೆ ಶೇ 10ರ ಮಿತಿ ಹಾಕುವ ಷರತ್ತುಗಳನ್ನು ವಿಧಿಸಿತು. ಗ್ರಾಹಕರ ಗೊಣಗಾಟ ಎಂದು ಕಾಣುತ್ತಿದ್ದದ್ದನ್ನು ಸರ್ಕಾರವೇ ಸ್ಪರ್ಧೆಯ ಪ್ರಶ್ನೆಯಾಗಿ ಗಣಿಸಿತು.

ಇದರ ಬೆಳಕಿನಲ್ಲಿ ಕೊಳ್ಳುವಿಕೆಯ ಲಾಭ ಸ್ಪಷ್ಟವಾಗುತ್ತದೆ. ಆನ್‌ಹೈಸರ್-ಬುಷ್ ಕೊಂಡ ಗೂಸ್ ಐಲ್ಯಾಂಡ್, ಎಲಿಸಿಯನ್, ಬ್ಲೂ ಪಾಯಿಂಟ್, 10 ಬ್ಯಾರೆಲ್ ಎಲ್ಲವೂ ವಿತರಕರ ಬುಟ್ಟಿಯಲ್ಲಿ ಇದ್ದಾಗ ಅಂಗಡಿಯವನು ಕ್ರಾಫ್ಟ್ ಬಿಯರಿನ ಇಡೀ ಸಾಲನ್ನು ಒಂದೇ ಕಡೆಯಿಂದ ತುಂಬಿಸಬಹುದಿತ್ತು. ನೋಡುವವರಿಗೆ ನಾಲ್ಕು ಊರಿನ ನಾಲ್ಕು ಬ್ರೂವರಿಗಳು, ಒಡೆಯ ಮಾತ್ರ ಒಬ್ಬನೇ. ಐದನೆಯ ಊರಿನ ಸಣ್ಣವನಿಗೆ ಅಲ್ಲಿ ಜಾಗವಿರಲಿಲ್ಲ. 2017ರ ಮೇನಲ್ಲಿ ಉತ್ತರ ಕೆರೊಲಿನಾದ ಆಶ್‌ವಿಲ್‌ನ ವಿಕೆಡ್ ವೀಡ್ ಇದೇ ಕಂಪನಿಗೆ ಮಾರಾಟವಾದಾಗ ಹಲವು ಬ್ರೂವರಿಗಳು ಅದು ನಡೆಸಬೇಕಿದ್ದ ಬಿಯರ್ ಉತ್ಸವದಿಂದ ಹಿಂದೆ ಸರಿದವು. ಟೆಕ್ಸಾಸಿನ ಜೆಸ್ಟರ್ ಕಿಂಗ್ ಅದರ ಬಿಯರ್ ಮಾರುವುದನ್ನೇ ನಿಲ್ಲಿಸಿತು. ವಿಕೆಡ್ ವೀಡ್‌ನ ಬಿಯರ್ ಕೆಟ್ಟಿತು ಎಂಬುದು ಅವರ ದೂರಾಗಿರಲಿಲ್ಲ. ಆಕ್ಷೇಪ ಇದ್ದದ್ದು ತಾವು ಕೊಟ್ಟ ಹಣ ಮುಂದೆ ಯಾರ ದಾರಿ ಮುಚ್ಚಲು ಬಳಕೆಯಾಗುತ್ತದೆ ಎಂಬುದರ ಬಗ್ಗೆ.

ಆದರೆ ಗ್ರಾಹಕರಿಗೆ ಈ ತೂಕ ಹಾಕಲು ಬೇಕಾದ ಮಾಹಿತಿ ಬಾಟಲಿಯ ಮೇಲೆ ಸಿಗುವುದಿಲ್ಲ. ದೊಡ್ಡ ಬಿಯರ್ ಕಂಪನಿ ಕೂರ್ಸ್ 1995ರಲ್ಲಿ ಹೊರತಂದ ಬ್ಲೂ ಮೂನ್ ಬಿಯರಿನ ಲೇಬಲ್ಲಿನಲ್ಲಿ ಇರುವುದು ಬ್ಲೂ ಮೂನ್ ಬ್ರೂಯಿಂಗ್ ಕಂಪನಿ ಎಂಬ ವ್ಯಾಪಾರನಾಮ. ಇದು ಮೋಸ ಎಂದು ಕ್ಯಾಲಿಫೋರ್ನಿಯಾದ ಗ್ರಾಹಕರೊಬ್ಬರು 2015ರಲ್ಲಿ ದಾವೆ ಹೂಡಿದರೂ ಅದು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕಾನೂನು ಅಂಥ ಹೆಸರುಗಳಿಗೆ ಅವಕಾಶ ಕೊಟ್ಟಿದೆ. 2017ರ ಜೂನ್‌ನಲ್ಲಿ ಬ್ರೂವರ್ಸ್ ಅಸೋಸಿಯೇಷನ್ ತಲೆಕೆಳಗಾದ ಬಾಟಲಿಯ ಚಿತ್ರವಿರುವ ಸ್ವತಂತ್ರ ಮುದ್ರೆಯನ್ನು ತಂದದ್ದು ಈ ಕೊರತೆ ತುಂಬಲಿಕ್ಕೆ. ಮುದ್ರೆ ಇದ್ದರೆ ಸ್ವತಂತ್ರ ಎಂದು ಗೊತ್ತಾಗುತ್ತದೆ. ಇಲ್ಲದಿದ್ದರೆ ಒಡೆಯ ಯಾರು ಎಂಬುದು ಗ್ರಾಹಕರೇ ಹುಡುಕಿಕೊಳ್ಳಬೇಕಾದ ಸಂಗತಿಯಾಗಿಯೇ ಉಳಿಯಿತು.

ಒಡೆತನದ ನಿಜವಾದ ಪರಿಣಾಮ ಮಾರಾಟದ ದಿನ ಕಾಣುವುದಿಲ್ಲ, ವರ್ಷಗಳ ನಂತರ ಕಾಣುತ್ತದೆ. ಸ್ಯಾನ್ ಡಿಯಾಗೊದ ಬ್ಯಾಲಾಸ್ಟ್ ಪಾಯಿಂಟನ್ನು 2015ರಲ್ಲಿ ಕಾನ್‌ಸ್ಟೆಲೇಷನ್ ಬ್ರ್ಯಾಂಡ್ಸ್ 100 ಕೋಟಿ ಡಾಲರಿಗೆ ಕೊಂಡು ನಾಲ್ಕೇ ವರ್ಷಗಳಲ್ಲಿ ಪುಟ್ಟ ಕಂಪನಿಯೊಂದಕ್ಕೆ ದಾಟಿಸಿತು. 2023ರಲ್ಲಿ ಆನ್‌ಹೈಸರ್-ಬುಷ್ ಬ್ಲೂ ಪಾಯಿಂಟ್, 10 ಬ್ಯಾರೆಲ್, ರೆಡ್‌ಹುಕ್, ವಿಡ್ಮರ್ ಬ್ರದರ್ಸ್ ಸೇರಿದಂತೆ ಎಂಟು ಬ್ರಾಂಡುಗಳನ್ನು ಗಾಂಜಾ ಉತ್ಪನ್ನಗಳಿಂದ ಹೆಸರಾದ ಟಿಲ್ರೆ ಕಂಪನಿಗೆ ಒಟ್ಟಿಗೆ ಮಾರಿತು. ಸಿಯಾಟಲ್, ಪೋರ್ಟ್‌ಲ್ಯಾಂಡ್, ಬೆಂಡ್ ಊರುಗಳ ಹೆಮ್ಮೆಗಳು ಒಂದೇ ಕರಾರುಪತ್ರದ ಸಾಲುಗಳಾದವು.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಸ್ಯಾನ್ ಫ್ರಾನ್ಸಿಸ್ಕೊದ ಆ್ಯಂಕರ್. 1965ರಲ್ಲಿ ಮುಚ್ಚುವ ಅಂಚಿನಲ್ಲಿದ್ದ ಆ ಬ್ರೂವರಿಯನ್ನು ಫ್ರಿಟ್ಜ್ ಮೇಟ್ಯಾಗ್ ಉಳಿಸಿದ್ದರಿಂದಲೇ ಕ್ರಾಫ್ಟ್ ಬಿಯರಿನ ಚರಿತ್ರೆಯನ್ನು ಹಲವರು ಅಲ್ಲಿಂದ ಶುರುಮಾಡುತ್ತಾರೆ. 2017ರಲ್ಲಿ ಜಪಾನಿನ ಸಪೋರೊ ಅದನ್ನು ಕೊಂಡಿತು. ಬಿಯರ್ ಊರಿನಲ್ಲೇ ತಯಾರಾಗುತ್ತಿತ್ತು, 2019ರಲ್ಲಿ ಕೆಲಸಗಾರರು ಸಂಘವನ್ನೂ ಕಟ್ಟಿಕೊಂಡರು. ಆದರೂ 2023ರ ಜುಲೈನಲ್ಲಿ ಮುಚ್ಚುವ ತೀರ್ಮಾನ ಬಂದಾಗ ಅದನ್ನು ತಡೆಯುವ ಅಧಿಕಾರ ಊರಿನವರ ಕೈಯಲ್ಲಿರಲಿಲ್ಲ. ಸಹಕಾರಿಯಾಗಿ ನಡೆಸುತ್ತೇವೆ ಎಂದು ಕೆಲಸಗಾರರು ಮುಂದೆ ಬಂದರೂ ಅದು ಕೈಗೂಡಲಿಲ್ಲ. 2024ರಲ್ಲಿ ಉದ್ಯಮಿ ಹಮ್ದಿ ಉಲುಕಾಯ ಅದನ್ನು ಕೊಂಡರು. ಸ್ಥಳೀಯವಾಗಿದ್ದೂ ಸ್ವತಂತ್ರವಲ್ಲದ ಬ್ರೂವರಿಯ ಸ್ಥಿತಿ ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಂಡಿಲ್ಲ.

ಮಾರಿದವರನ್ನೆಲ್ಲ ದ್ರೋಹಿಗಳೆನ್ನುವುದು ಅನ್ಯಾಯ. ಕೊಲೊರಾಡೊದ ನ್ಯೂ ಬೆಲ್ಜಿಯಂ 2012ರಿಂದ ಪೂರ್ತಿಯಾಗಿ ನೌಕರರ ಒಡೆತನದಲ್ಲಿತ್ತು. 2019ರಲ್ಲಿ ಅದು ಜಪಾನಿನ ಕಿರಿನ್ ಒಡೆತನದ ಸಂಸ್ಥೆಗೆ ಹೋದದ್ದು ಆ ನೌಕರರ ಮತದಿಂದಲೇ. ತಮ್ಮ ಪಾಲಿನ ಹಣ ಕೈಗೆ ಬರಲಿ ಎಂದು ಅವರು ಬಯಸಿದ್ದರೆ ತಪ್ಪೆನ್ನಲು ದೂರದಲ್ಲಿ ಕೂತ ನಮಗೆ ಹಕ್ಕಿಲ್ಲ.

ಕರ್ನಾಟಕದ ಓದುಗರಿಗೆ ಈ ಚರ್ಚೆ ತೀರ ಹೊರಗಿನದೇನಲ್ಲ. 1915ರಲ್ಲಿ ಹುಟ್ಟಿ, ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಯುನೈಟೆಡ್ ಬ್ರೂವರೀಸ್ 2021ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಹೈನೆಕೆನ್ ಹಿಡಿತಕ್ಕೆ ಬಂತು. ಕ್ಯಾಲಿಫೋರ್ನಿಯಾದ ಲಗುನಿಟಾಸನ್ನು 2017ರಲ್ಲಿ ಪೂರ್ತಿಯಾಗಿ ಕೊಂಡು, 2024ರಲ್ಲಿ ಅದರ ಶಿಕಾಗೊ ಘಟಕವನ್ನು ಮುಚ್ಚಿದ್ದೂ ಇದೇ ಹೈನೆಕೆನ್. ಬೆಂಗಳೂರಿನವರು ಊರಿನದೆಂದು ಕರೆಯುವ, ಯುನೈಟೆಡ್ ಬ್ರೂವರೀಸ್‌ನ ಕಿಂಗ್‌ಫಿಷರ್ ಬಗೆಗಿನ ದೊಡ್ಡ ನಿರ್ಧಾರಗಳ ಕೊನೆಯ ಮಾತು ಈಗ ಆಮ್‌ಸ್ಟರ್‌ಡ್ಯಾಮಿನದು. ಇನ್ನೊಂದೆಡೆ, 2012ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆರ್ಬರ್ ಬ್ರೂಯಿಂಗ್ ಕಂಪನಿಯ ಹೆಸರು ಮಿಷಿಗನ್ನಿನ ಆನ್ ಆರ್ಬರ್ ಊರಿನಿಂದ ಬಂದದ್ದು, ಬಿಯರ್ ಮಾತ್ರ ಇಲ್ಲೇ ತಯಾರಾದದ್ದು.

ಆದರೆ ಒಂದು ವ್ಯತ್ಯಾಸ ದೊಡ್ಡದು. ಅಮೆರಿಕದಲ್ಲಿ ಖಾಸಗಿ ವಿತರಕರು ನಿಂತಿರುವ ಜಾಗದಲ್ಲಿ ಇಲ್ಲಿ 2003ರಿಂದ ರಾಜ್ಯ ಸರ್ಕಾರದ ಪಾನೀಯ ನಿಗಮವಿದೆ. ಮೈಕ್ರೊಬ್ರೂವರಿಗಳ ಬಿಯರ್ ಮುಖ್ಯವಾಗಿ ತಯಾರಾದ ಜಾಗದಲ್ಲೇ ಮಾರಾಟವಾಗುತ್ತದೆ, ಮದ್ಯದಂಗಡಿಯ ಕಪಾಟಿಗೆ ಬರುವುದಿಲ್ಲ. ಹಾಗಾಗಿ ಕಪಾಟಿನ ಜಗಳ ಅವರನ್ನು ಇನ್ನೂ ತಟ್ಟಿಲ್ಲ. ಅವರ ಬಾಟಲಿಗಳಿಗೆ ಅಂಗಡಿಯ ಬಾಗಿಲು ತೆರೆಯುವ ನಿಯಮ ಮುಂದೆ ಬರೆಯುವುದಾದರೆ ಎರಡು ಅಂಶಗಳು ಮೊದಲ ಕರಡಿನಲ್ಲೇ ಇರಬೇಕು: ಲೇಬಲ್ ಮೇಲೆ ತಯಾರಕರ ವಿಳಾಸದ ಜೊತೆಗೆ ಅಂತಿಮ ಒಡೆಯರ ಹೆಸರು, ಮತ್ತು ಸಣ್ಣ ಪ್ರಮಾಣದಲ್ಲಿ ತಯಾರಿಸುವವರ ಸರಕನ್ನೂ ದೊಡ್ಡವರದಷ್ಟೇ ಸರಾಗವಾಗಿ ನಿಗಮದ ಗೋದಾಮಿನಿಂದ ಅಂಗಡಿಗೆ ತಲುಪಿಸುವ ಹೊಣೆ.