ಕೋರ್ಟು ಮೆಟ್ಟಿಲೇರಿದ ನದಿ

ನ್ಯೂಜಿಲೆಂಡಿನ ಉತ್ತರ ದ್ವೀಪದ ನಡುಭಾಗದಲ್ಲಿ ಟೊಂಗರಿರೊ ಎಂಬ ಅಗ್ನಿಪರ್ವತವಿದೆ. ಅದರ ಮಗ್ಗುಲಲ್ಲಿ ಹುಟ್ಟುವ ವಾಂಗನೂಯಿ ನದಿ ಸುಮಾರು 290 ಕಿ.ಮೀ. ಹರಿದು ಟಾಸ್ಮನ್ ಸಮುದ್ರ ಸೇರುತ್ತದೆ. ಎರಡೂ ಬದಿಗೆ ಕಡಿದಾದ ಬಂಡೆಗೋಡೆಗಳು, ಅವುಗಳಿಗೆ ಅಂಟಿಕೊಂಡ ಜರೀಗಿಡಗಳು, ಮೇಲೆ ದಟ್ಟ ಕಾಡು. ತೌಮರುನೂಯಿಯಲ್ಲಿ ದೋಣಿ ಹತ್ತಿದ ಪ್ರವಾಸಿಗರು ಐದು ದಿನ ಹುಟ್ಟು ಹಾಕಿ, 145 ಕಿ.ಮೀ. ಕ್ರಮಿಸಿ ಪಿಪಿರಿಕಿಯಲ್ಲಿ ಇಳಿಯುತ್ತಾರೆ. ಅಲ್ಲಿನ ಸರ್ಕಾರ ಗುರುತಿಸಿರುವ 'ಮಹಾ ನಡಿಗೆ'ಗಳ ಪಟ್ಟಿಯಲ್ಲಿ ಈ ದೋಣಿಯಾನವೂ ಸೇರಿದೆ. ನಡೆಯುವ ಪ್ರಸಂಗವೇ ಇಲ್ಲದ ನಡಿಗೆ!

ಆದರೆ ವಾಂಗನೂಯಿ ಜಗತ್ತಿನ ಗಮನ ಸೆಳೆದದ್ದು ಚೆಲುವಿನಿಂದಲ್ಲ. 2017ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್ ಸಂಸತ್ತು ಈ ನದಿಯನ್ನು ಕಾನೂನಿನ ದೃಷ್ಟಿಯಲ್ಲಿ 'ವ್ಯಕ್ತಿ' ಎಂದು ಒಪ್ಪಿಕೊಂಡಿತು. ಆ ಒಂದು ಮಾತಿಗಾಗಿ ಮಾವೊರಿ ಜನ ಕಾದದ್ದು ಒಂದೂವರೆ ಶತಮಾನ.

ಬೆಟ್ಟಗಳ ಜಗಳ

ನದಿ ಹುಟ್ಟಿದ ಬಗೆಗೆ ಮಾವೊರಿಗಳಲ್ಲಿ ಒಂದು ಕಥೆಯಿದೆ. ಪಿಹಾಂಗಾ ಎಂಬ ಬೆಟ್ಟದ ಚೆಲುವೆಗಾಗಿ ಟೊಂಗರಿರೊ ಮತ್ತು ತರನಾಕಿ ಪರ್ವತಗಳು ಕಾದಾಡಿದವು. ಸೋತ ತರನಾಕಿ ಪಶ್ಚಿಮಕ್ಕೆ ಓಡಿತು. ಓಡಿದ ದಾರಿಯಲ್ಲಿ ನೆಲ ಸೀಳಿ ಆಳವಾದ ಗಾಯವಾಯಿತು. ಟೊಂಗರಿರೊದಿಂದ ಚಿಮ್ಮಿದ ನೀರು ಆ ಗಾಯವನ್ನು ತುಂಬಿ ಮಾಯಿಸಿತು. ಅದೇ ವಾಂಗನೂಯಿ.

ದಡದ ಜನರಿಗೆ ನದಿಯೇ ರಸ್ತೆ, ನದಿಯೇ ಕಣಜ. ಹರಿವಿಗೆ ಅಡ್ಡಲಾಗಿ ಮರದ ಗೂಟಗಳನ್ನು ನೆಟ್ಟು, ಬುಟ್ಟಿಬಲೆ ಕಟ್ಟಿ ಹಾವುಮೀನು ಹಿಡಿಯುತ್ತಿದ್ದರು. 'ನಾನೇ ನದಿ, ನದಿಯೇ ನಾನು' ಎಂಬುದು ಅವರ ನಾಣ್ಣುಡಿ. ಬೆಟ್ಟದಿಂದ ಕಡಲಿನವರೆಗೆ ನದಿಯೆಂಬುದು ಒಂದೇ ಜೀವ. ಅದನ್ನು ನೀರು, ತಳ, ದಡ ಎಂದು ಬಿಡಿಸಿ ನೋಡುವುದು ಅವರಿಗೆ ತಿಳಿಯದ ಸಂಗತಿ.

ಬಂದದ್ದು ಹಬೆದೋಣಿ

1840ರ ದಶಕದಲ್ಲಿ ನದೀಮುಖದ ಬಳಿ ಬಿಳಿಯರು ನೆಲೆಸಿದರು. 1890ರ ದಶಕದ ಆರಂಭಕ್ಕೆ ಅಲೆಕ್ಸಾಂಡರ್ ಹ್ಯಾಟ್ರಿಕ್ ಎಂಬ ವ್ಯಾಪಾರಿಯ ಹಬೆದೋಣಿಗಳು ಪ್ರವಾಸಿಗರನ್ನು ಹೊತ್ತು ನದಿಯಲ್ಲಿ ಮೇಲಕ್ಕೆ ಸಾಗತೊಡಗಿದವು. 'ನ್ಯೂಜಿಲೆಂಡಿನ ರೈನ್' ಎಂಬ ಹೆಸರಿನಲ್ಲಿ ವಾಂಗನೂಯಿ ಪ್ರಸಿದ್ಧವಾಯಿತು. ದೋಣಿಗಳಿಗೆ ದಾರಿ ಬೇಕಲ್ಲ? ಅದಕ್ಕಾಗಿ ಬಂಡೆಗಳನ್ನು ಸಿಡಿಸಲಾಯಿತು. ಮೀನಿನ ಕಟ್ಟೆಗಳಿಗೂ ಕುತ್ತು ಬಂತು. ಒಬ್ಬರ ವಿಹಾರಕ್ಕೆ ಇನ್ನೊಬ್ಬರ ಊಟದ ತಟ್ಟೆ ಬಲಿಯಾಯಿತು.

ಮಾವೊರಿಗಳು ಸುಮ್ಮನಿರಲಿಲ್ಲ. 1870ರ ದಶಕದಿಂದಲೇ ಸಂಸತ್ತಿಗೆ ಅರ್ಜಿಗಳು ಹೋಗುತ್ತಿದ್ದವು. ಆದರೆ 1903ರ ಕಾಯ್ದೆಯೊಂದು ನೌಕೆ ಸಾಗಬಲ್ಲ ನದಿಗಳ ತಳವೆಲ್ಲ ಸರ್ಕಾರದ್ದೆಂದು ಘೋಷಿಸಿಬಿಟ್ಟಿತು. 1938ರಲ್ಲಿ ಮೊಕದ್ದಮೆ ಶುರುವಾಯಿತು. ಮೊದಲ ನ್ಯಾಯಾಲಯದಲ್ಲಿ ಗೆಲುವು ಸಿಕ್ಕರೂ ಮೇಲ್ಮನವಿಗಳ ಮೇಲೆ ಮೇಲ್ಮನವಿ ಬಂದು, 1962ರಲ್ಲಿ ಕೊನೆಯ ತೀರ್ಪು ಅವರ ವಿರುದ್ಧವಾಯಿತು. ತಳ ಯಾರದ್ದು ಎಂದಷ್ಟೇ ಕೋರ್ಟು ಕೇಳಿತು. ನದಿ ಯಾರು ಎಂದು ಕೇಳಲಿಲ್ಲ.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. 1970ರ ದಶಕದಲ್ಲಿ ಜಲವಿದ್ಯುತ್ ಯೋಜನೆಗಾಗಿ ನದಿಯ ತಲೆಯ ಭಾಗದ ನೀರನ್ನೇ ಬೇರೆ ಕಣಿವೆಗೆ ತಿರುಗಿಸಲಾಯಿತು. 1999ರಲ್ಲಿ ವೈಟಾಂಗಿ ನ್ಯಾಯಮಂಡಳಿ ಮಾವೊರಿಗಳ ಪರ ವರದಿ ನೀಡಿತು. 2014ರಲ್ಲಿ ಒಪ್ಪಂದಕ್ಕೆ ಸಹಿ ಬಿದ್ದು, 2017ರಲ್ಲಿ ಅದು ಕಾನೂನಾಯಿತು. ಸರ್ಕಾರ ತಪ್ಪೊಪ್ಪಿಕೊಂಡು ಕ್ಷಮೆ ಕೋರಿತು; 8 ಕೋಟಿ ಡಾಲರ್ ಪರಿಹಾರವನ್ನೂ ಕೊಟ್ಟಿತು. ನದಿಯ ಪರವಾಗಿ ಮಾತನಾಡಲು ಇಬ್ಬರು ಪ್ರತಿನಿಧಿಗಳಿದ್ದಾರೆ: ಒಬ್ಬರು ಸರ್ಕಾರದ ಕಡೆಯವರು, ಇನ್ನೊಬ್ಬರು ನದಿಯ ಜನರ ಕಡೆಯವರು.

ಅತಿಥಿಯಾಗಿ ಬನ್ನಿ

ಇಂದು ದೋಣಿಯಲ್ಲಿ ಹೋಗುವವರಿಗೆ ಈ ಚರಿತ್ರೆ ದಡದಲ್ಲೇ ಕಾಣಸಿಗುತ್ತದೆ. ಮಂಗಪುರುವ ಕಣಿವೆಯಲ್ಲಿ ಕಾಡಿನ ನಡುವೆ ಒಂದು ಕಾಂಕ್ರೀಟ್ ಸೇತುವೆ ನಿಂತಿದೆ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟಿತ್ತು. 1936ರಲ್ಲಿ ಸೇತುವೆ ಮುಗಿಯುವ ಹೊತ್ತಿಗೆ ಬಹುಪಾಲು ರೈತರು ಸೋತು ಹೊರಟುಹೋಗಿದ್ದರು. ಅದರ ಹೆಸರೇ 'ಎಲ್ಲಿಗೂ ಹೋಗದ ಸೇತುವೆ'. ಕೆಳಗಿನ ತೀಕೆ ಎಂಬ ತಂಗುದಾಣ ಮಾವೊರಿಗಳ ಹಳೆಯ ನೆಲೆ. 1990ರ ದಶಕದಲ್ಲಿ ಮೂಲ ಕುಟುಂಬದವರು ಅಲ್ಲಿಗೆ ಮರಳಿ ಬಂದು ಹಕ್ಕು ಸಾಧಿಸಿದರು. ಅಲ್ಲಿ ತಂಗುವ ಪ್ರವಾಸಿಗರು ಮಾವೊರಿಗಳ ಸಾಂಪ್ರದಾಯಿಕ ಸ್ವಾಗತ ಪಡೆದು ಒಳಗೆ ಹೋಗುತ್ತಾರೆ. ಹಣ ಕೊಟ್ಟು ಬಂದವರೂ ಅಲ್ಲಿ ಗಿರಾಕಿಗಳಲ್ಲ, ಅತಿಥಿಗಳು.

ಕಾನೂನಿನಿಂದ ಎಲ್ಲವೂ ಸರಿಹೋಯಿತೆಂದಲ್ಲ. ಮೊದಲೇ ಇದ್ದ ಖಾಸಗಿ ಹಕ್ಕುಗಳನ್ನು ಅದು ಮುಟ್ಟಿಲ್ಲ. ವಿದ್ಯುತ್ತಿಗಾಗಿ ನೀರಿನ ತಿರುವೂ ನಿಂತಿಲ್ಲ.

ಅದೇ 2017ರ ಮಾರ್ಚ್‌ನಲ್ಲಿ ನಮ್ಮ ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಯರನ್ನು ವ್ಯಕ್ತಿಗಳೆಂದು ಸಾರಿತ್ತು. ನದಿ ಉಕ್ಕಿ ಹಾನಿಯಾದರೆ ಪರಿಹಾರ ಕೊಡಬೇಕಾದವರು ಯಾರು, ನದಿ ಬೇರೆ ರಾಜ್ಯಗಳಲ್ಲೂ ಹರಿಯುತ್ತದಲ್ಲ ಎಂದು ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಜುಲೈನಲ್ಲಿ ತಡೆಯಾಜ್ಞೆ ಬಂತು. ನದಿಯನ್ನು ತಾಯಿ ಎಂದು ಕರೆಯಲು ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಆ ತಾಯಿಯ ಪರವಾಗಿ ಮಾತನಾಡುವವರು ಯಾರು ಎಂಬುದನ್ನು ವಾಂಗನೂಯಿಯ ಜನ ನೂರೈವತ್ತು ವರ್ಷ ಹೋರಾಡಿ ಗೊತ್ತುಮಾಡಿಕೊಂಡರು.