ಗೂಡ್ಸ್ ಡಬ್ಬಿಯ ಮೈಮೇಲಿನ ಬರಹ

ನಾನು ಓದಿದ್ದು ಏಳನೇ ಕ್ಲಾಸು. ಹಗಲು ಹೊಲ, ರಾತ್ರಿ ಭಜನೆ. ರೈಲಿನ ಬಗ್ಗೆ ನೀನೇನು ಬರೀತಿ ಅಂತ ಕೇಳಬ್ಯಾಡ್ರಿ. ಡಬ್ಬಿಯ ನಂಬರು ತಪ್ಪು ಬರೆದು ಪೆಟ್ಟು ತಿಂದವ ನಾನು, ಅದಕ್ಕೇ ಬರೀತೀನಿ.

ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮುಂಬೈ ಕಡೆಯ ಹಳಿಗೆ ಕೂಡಿತು. ನಮ್ಮ ಆದೋನಿ ಆ ದಾರಿಯ ಮೇಲೈತಿ. ಆಗ ನಾವು ಬಳ್ಳಾರಿ ಜಿಲ್ಲೆಯವರು. ಐದೇ ವರ್ಷಕ್ಕೆ, 1876ರಿಂದ 78ರ ತನಕ, ಧಾತು ಈಶ್ವರ ಸಂವತ್ಸರದ ದೊಡ್ಡ ಬರ ಬಿತ್ತು. ಬಂಡಿ ಎಳೆಯೋ ಎತ್ತುಗಳೇ ಸತ್ತ ಕಾಲದಾಗ ಕಾಳು ರೈಲಿನಲ್ಲಿ ಬಂತು. ಆದರೂ ಮಂದಿ ಲಕ್ಷಗಟ್ಟಲೆ ಸತ್ತರು. ರೈಲು ಕಾಳು ತಂತು, ಕೊಳ್ಳೋ ರೊಕ್ಕ ತರಲಿಲ್ಲ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಹೋತು, ಆದೋನಿ ಆಂಧ್ರಕ್ಕೆ ಬಂತು. ಹತ್ತಿ, ಶೇಂಗಾ ಮಾತ್ರ ಅದೇ ಹಳಿ ಮೇಲೆ ಹೋಗತಿದ್ದವು.

ನಾನು ಹುಡುಗ ಇದ್ದಾಗ ಒಂದು ಅಡತಿ ಅಂಗಡಿ ಕಡೆಯಿಂದ ಹಮಾಲಿಗೆ ಹೋಗತಿದ್ದೆ. ಆಗಿನ ಡಬ್ಬಿಗೆ ನಾಕೇ ಗಾಲಿ, ಸುಮಾರು 22 ಟನ್ ಹಿಡೀತಿತ್ತು. ಮುಚ್ಚಿದ ಡಬ್ಬಿಗೆ ಸಿ, ತೆರೆದದ್ದಕ್ಕೆ ಕೆ, ಪೆಟ್ರೋಲ್ ಟ್ಯಾಂಕಿಗೆ ಟಿ.ಪಿ. ಅಂತ ಬರೀತಿದ್ದರು. ಅಕ್ಷರ ಬಲ್ಲವ ಅಂತ ಗುಮಾಸ್ತ ನನ್ನನ್ನೇ ನಂಬರು ಬರಕೊಂಡು ಬಾ ಅಂದ. ಕಡೇ ಎರಡು ಅಂಕಿ ಹಿಂದುಮುಂದು ಬರೆದೆ. ಅಲ್ಲಿ ಮಾಲು ಇಳಿಸಿಕೊಳ್ಳೋರು ಬ್ಯಾರೆ ಡಬ್ಬಿ ಹುಡುಕುತ್ತ ಕೂತರು. ತಡ ಆಗಿ ಡೆಮರೇಜು ಬಿತ್ತು. ಅದರಾಗ ನಮ್ಮಪ್ಪನ ಹನ್ನೆರಡು ಚೀಲ ಶೇಂಗಾನೂ ಇತ್ತು. ದಂಡ ಅಪ್ಪನ ಲೆಕ್ಕದಾಗ ಮುರಕೊಂಡರು. ಅಪ್ಪ ಬೈಲಿಲ್ಲ. "ಬರಿಯೋದು ಕಲಿತರೆ ಸಾಲದಪ್ಪ, ತಿರುಗಿ ಓದೋದು ಕಲಿ" ಅಂದ.

ಮುಂದೆ ಎಂಟು ಗಾಲಿಯ ಬೋಗಿ ಡಬ್ಬಿ ಬಂದವು. ಅವುಗಳ ಹೆಸರಿನ ಮೊದಲ ಅಕ್ಷರ ಬಿ ಅಂದರೆ ಬೋಗಿ. ಬಿ.ಸಿ.ಎನ್. ಅಂದರೆ ಮುಚ್ಚಿದ ಡಬ್ಬಿ. ಗೊಬ್ಬರ, ಅಕ್ಕಿ, ಸಿಮೆಂಟು ಇದರಾಗ ಬರತಾವ. ಕಡೇ ಎನ್ ಅಂದರೆ ಗಾಳಿ ಒತ್ತಡದ ಬ್ರೇಕು. ಬಿ.ಓ.ಎಕ್ಸ್.ಎನ್. ಎತ್ತರ ಗೋಡೆಯ ತೆರೆದ ಡಬ್ಬಿ, ಕಲ್ಲಿದ್ದಲು, ಅದಿರಿಗೆ. ಬಿ.ಟಿ.ಪಿ.ಎನ್. ಪೆಟ್ರೋಲ್, ಡೀಸೆಲ್ ಟ್ಯಾಂಕು.

ಹೆಸರಿನ ಜೊತೆ ಹನ್ನೊಂದು ಅಂಕಿ ಇರತಾವ. ಮೊದಲೆರಡು ಡಬ್ಬಿಯ ಜಾತಿ: 30ರಿಂದ 39 ಮುಚ್ಚಿದ್ದು, 40ರಿಂದ 54 ಟ್ಯಾಂಕು. ಆಮೇಲಿನೆರಡು ಯಾವ ರೈಲ್ವೆಯದು ಅಂತ. ಮತ್ತೆರಡು ಹುಟ್ಟಿದ ವರ್ಷ. ನಂತರದ ನಾಕು ಅದರ ಸ್ವಂತ ನಂಬರು. ಕಡೇ ಒಂದು ಅಂಕಿ ಕಾವಲುಗಾರ.

ಮಾಸ್ತರರು ಇದನ್ನು ಹುಡುಗರ ಕೈಲಿ ಮಾಡಿಸಬಹುದು. ಉದಾಹರಣೆಗೆ 31 09 12 0457 ಅಂತ ಹಿಡೀರಿ. ಎಡಗಡೆಯಿಂದ ಎರಡನೇ, ನಾಕನೇ, ಆರನೇ, ಎಂಟನೇ, ಹತ್ತನೇ ಅಂಕಿ ಕೂಡಿಸಿದರೆ 23. ಮೂರರಿಂದ ಗುಣಿಸಿದರೆ 69. ಉಳಿದ ಐದು ಅಂಕಿಯ ಮೊತ್ತ 9. ಒಟ್ಟು 78. ಮುಂದಿನ ಹತ್ತು, ಅಂದರೆ 80 ಮುಟ್ಟಲಿಕ್ಕೆ 2 ಬೇಕು. ಆ 2 ಹನ್ನೊಂದನೇ ಅಂಕಿ. ನನ್ನಂಗ ಯಾರಾದರೂ 57ನ್ನು 75 ಅಂತ ಬರೆದರೆ ಲೆಕ್ಕ 74 ಆಗತೈತಿ, 6 ಬೇಕಾಗತೈತಿ. ತಪ್ಪು ಅಲ್ಲೇ ಸಿಕ್ಕಿತು. ಭಜನೆಯೊಳಗ ಮುಂದಿನವ ನುಡಿ ತಪ್ಪಿದರೆ ಹಿಮ್ಮೇಳದವರು ಹಿಡಿದಂಗ.

ಈಗ ಒಂದೊಂದೇ ಡಬ್ಬಿ ಬುಕ್ ಮಾಡೋದು ಹೆಚ್ಚುಕಡಿಮೆ ನಿಂತೈತಿ. ಇಡೀ ಗಾಡಿ ತುಂಬೋ ದೊಡ್ಡವರಿಗೇ ರೈಲು. ಹನ್ನೆರಡು ಚೀಲದವರು ಲಾರಿ ಹಿಡೀಬೇಕು. ಆದರೂ ಗೇಟು ಹಾಕಿದಾಗ ನಾನು ಬಂಡಿ ನಿಲ್ಲಿಸಿ, ಹೋಗೋ ಡಬ್ಬಿಗಳ ನಂಬರು ಓದತೀನಿ. ಕಣ್ಣಿಗೆ ಸಿಕ್ಕರೆ ಎರಡು ಸಲ ಓದತೀನಿ.